ಗಾಡಿ ಹೊಡಿಯಾಂವ

ಮೊನ್ನೆ ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಬಬಲೇಶ್ವರದ ಬಸ್ ಹತ್ತಿ ಕುಳಿತಿದ್ದೆ. ಡ್ರೈವರ್ ಇನ್ನೂ ಬಂದಿರಲಿಲ್ಲ. ಎದುರು ಸೀಟಿನ ಹೆಂಗಸು ಗಂಟು ಬಿಚ್ಚಿ ಖಡಕ್ ರೊಟ್ಟಿ ಮುರಿದಳು. ಅಂಚು ತುಸು ಸೀದ ಜೋಳದ ವಾಸನೆ. ಒಮ್ಮೆಲೇ ತಿಕೋಟಾದ ನಮ್ಮ ಓಣಿಯ ರೊಟ್ಟಿ ಕಾಕು ನೆನಪಾದಳು...

ನಸುಕಿನಲ್ಲಿ ಆಕೆ ರೊಟ್ಟಿ ಬಡಿಯುವ ಸದ್ದೇ ಓಣಿಗೆಲ್ಲ ಗಡಿಯಾರ. ಗಂಡ ತೀರಿಕೊಂಡ ಮೇಲೆ ವಿಜಯಪುರದ ಖಾನಾವಳಿಗಳಿಗೆ ರೊಟ್ಟಿ ಮಾಡಿ ಕಳಿಸುತ್ತ, ಇದ್ದೊಬ್ಬ ಮಗಳನ್ನು ಕಾಲೇಜಿಗೆ ಹಚ್ಚಿದ್ದಳು. ನಾವು ಚೌಕಾಸಿ ಮಾಡಿದರೆ, “ತಟ್ಟೂ ಕೈ ಐತಿ ಲೇ ಇದು, ರೊಟ್ಟಿನೂ ತಟ್ಟತೈತಿ, ಕೆನ್ನಿನೂ ತಟ್ಟತೈತಿ” ಎನ್ನುವಳು. ನಾವು ನಗುತ್ತಿದ್ದೆವು.

ಹೊನವಾಡದ ಗೆಳತಿಯ ಮನೆಗೆ ಹೋಗಿದ್ದ ಆ ಮಗಳಿಗೆ ದ್ರಾಕ್ಷಿ ಕ್ರೇಟು ಹೇರಿದ್ದ ಗಾಡಿಯೊಂದು ಬಡಿದು, ನಿಲ್ಲದೆ ಹೋಯಿತು. ಹುಡುಗಿ ಅಲ್ಲೇ ಮುಗಿದಳು. ಪೊಲೀಸರು ಹುಡುಕುತ್ತೇವೆ ಎಂದರು. ಕಾಕುವಿನ ಒಲೆ ಹೊತ್ತಲಿಲ್ಲ, ಓಣಿ ತಡವಾಗಿ ಏಳತೊಡಗಿತು.

ಅದು ಯಾರ ಗಾಡಿ ಎಂಬುದು ಪೊಲೀಸರಿಗಿಂತ ಮೊದಲು ಊರಿಗೆ ಗೊತ್ತಾಯಿತು. ಒಂದು ದಿನ ಅದೇ ಗಾಡಿ ತಿಕೋಟಾದ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿತ್ತು. ಕಾಕು ಚಹಾದಂಗಡಿಯವನನ್ನು ಕೇಳಿದಳು, “ಹೊಡದಾಂವ ಯಾರಪ್ಪಾ?”

“ಈ ಗಾಡಿ ಹೊಡಿಯಾಂವ ಅಗಾ, ಅಲ್ಲಿ ಕುಂತಾನ್ನೋಡ ಬೇ. ಹಸರ ಅಂಗಿ.”

ನಮ್ಮ ಕಡೆ ಗಾಡಿಯನ್ನು ಯಾರೂ ನಡೆಸುವುದಿಲ್ಲ, ಎಲ್ಲರೂ ಹೊಡೆಯುತ್ತಾರೆ. ಬಂಡಿ ಹೊಡೆದ ನಾಲಗೆಯೇ ಟ್ರ್ಯಾಕ್ಟರಿಗೂ ಬಸ್ಸಿಗೂ ಬಂದಿದೆ. ಚಹಾದವನು ಡ್ರೈವರ್ ಯಾರೆಂದು ಹೇಳಿದ. ಆಕೆಗೆ ಕೇಳಿಸಿದ್ದು ಮಗಳನ್ನು ಕೊಂದವನು ಯಾರೆಂದು. ಮನೆಗೆ ಹೋದಳು, ಒಲೆಯ ಮುಂದಿನ ಕಬ್ಬಿಣದ ಊದುಗೊಳವೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಚಹಾ ಕುಡಿಯುತ್ತಿದ್ದವನ ಮುಖಕ್ಕೆ ಬೀಸಿದಳು. ಅವನ ಎಡಗಣ್ಣು ಹೋಯಿತು.

ಊರು ಎರಡು ಹೋಳಾಯಿತು. ಕೆಲವರು ಅವಳ ಫೋಟೊಗೆ ‘ಹೆಣ್ಣುಹುಲಿ’ ಎಂದು ಬರೆದು ಮೊಬೈಲಿನಲ್ಲಿ ಹಂಚಿದರು, ಜಾಮೀನಿನ ಮೇಲೆ ಹೊರಬಂದಾಗ ಶಾಲು ಹೊದಿಸಿದರು. ಅವಳು ಮತ್ತೆ ಒಲೆ ಹೊತ್ತಿಸಿದಾಗ ಕೆಲವರು ಅವಳ ರೊಟ್ಟಿ ಕೊಳ್ಳುವುದನ್ನೇ ಬಿಟ್ಟರು. ನಮ್ಮ ಮನೆಯಲ್ಲೂ ಎರಡು ಪಕ್ಷ.

“ಹೆತ್ತ ಹೊಟ್ಟಿ ಉರದೈತಿ, ಹೊಡದಾಳ. ತಪ್ಪೇನೈತಿ?” ಎಂದಳು ನನ್ನ ಅವ್ವ.

“ಅಂವಗೂ ಒಬ್ಬಾಕಿ ಹೆತ್ತಾಕಿ ಅದಾಳಲ್ರಿ ಅತ್ತಿ,” ಎಂದಳು ನನ್ನ ಹೆಂಡತಿ. ಅಂದು ಇಬ್ಬರೂ ಒಟ್ಟಿಗೆ ಉಣ್ಣಲಿಲ್ಲ.

ಆಮೇಲೆ ನಿಜ ಹೊರಬಿತ್ತು. ಅಪಘಾತದ ದಿನ ಆ ಡ್ರೈವರ್ ತಂಗಿಯ ನಿಶ್ಚಯಕ್ಕೆಂದು ರಜೆ ಹಾಕಿ ಬಿಜ್ಜರಗಿಯ ತನ್ನ ಮನೆಯಲ್ಲಿದ್ದ. ಗಾಡಿ ತೆಗೆದುಕೊಂಡು ಹೋದವನು ಮಾಲೀಕನ ತಮ್ಮ. ಪೊಲೀಸರು ಹಿಡಿದಾಗ ಒಪ್ಪಿಕೊಂಡ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ನಮ್ಮೂರಲ್ಲಿ ಬರವಿಲ್ಲ. ಶಾಲು ಹೊದಿಸಿದವರೆಲ್ಲ ಕಾಕುವನ್ನು ಕಂಡರೆ ರಸ್ತೆ ದಾಟತೊಡಗಿದರು. “ಸಿಟ್ಟಿನ್ಯಾಗ ಕೊಯ್ದ ಮೂಗ ಶಾಂತ ಆದಮ್ಯಾಲ ಬರತೈತೇನು...” ಎಂದು ಅವ್ವ ತನ್ನಷ್ಟಕ್ಕೇ ಗೊಣಗಿದಳು.

ದಸರೆಯ ದಿನ ಕಾಕು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ‘ಬಂಗಾರದಂಗ ಇರೂಣು’ ಎಂದು ಆ ದಿನ ಹಂಚುವ ಬನ್ನಿ ಸೊಪ್ಪು, ಬಗಲಲ್ಲಿ ರೊಟ್ಟಿಯ ಗಂಟು. “ಬಿಜ್ಜರಗಿಗೆ ಬಿಡ್ತೀಯೇನಪ್ಪಾ?” ಎಂದಳು. ಬೈಕಿನಲ್ಲಿ ಕರೆದೊಯ್ದೆ.

ಆ ಡ್ರೈವರ್ ಹುಡುಗ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಅವನ ತಾಯಿ ನಮ್ಮನ್ನು ನೋಡಿ ಒಳಗೆ ಹೋದಳು. ಕಾಕು ಬನ್ನಿ ಚಾಚಿದಳು. ಅವನು ಎದ್ದು ಬನ್ನಿ ತೆಗೆದುಕೊಂಡ. ಆ ದಿನ ಹಿರಿಯರಿಗೆ ಎಲ್ಲರೂ ಮಾಡುವಂತೆ, ಬಗ್ಗಿ ಅವಳ ಕಾಲು ಮುಟ್ಟಿದ.

“ಬನ್ನಿ ತಗೊಂಡೇನ್ರಿ ಕಾಕು. ಬಂಗಾರದಂಗ ಇರೂಣು ಅಂತ ಮಾತ್ರ ಅನಬ್ಯಾಡ್ರಿ. ಒಂದ ಕಣ್ಣ ಐತಿ, ನನಗಿನ್ನ ಗಾಡಿ ಯಾರೂ ಕೊಡಾಂಗಿಲ್ಲ.”

ರೊಟ್ಟಿಯ ಗಂಟನ್ನು ಅವಳು ಕಟ್ಟೆಯ ಮೇಲಿಟ್ಟಳು. ಅವನು ಬೇಡ ಅನ್ನಲಿಲ್ಲ, ಮುಟ್ಟಲೂ ಇಲ್ಲ. ಮರಳುವಾಗ ಊರ ಸಮೀಪ ಬಂದ ಮೇಲೆ ನನ್ನ ಬೆನ್ನ ಹಿಂದೆ ಅಳು ಕೇಳಿಸಿತು. “ಬೈದಿದ್ರ ತಡಕೋತಿದ್ನೆಪ್ಪಾ. ಅಂವ ಕಾಲ ಮುಟ್ಟಬಾರದಿತ್ತು...”

ಕೋರ್ಟು ಏನು ಹೇಳುತ್ತದೆಂದು ಕೇಳಲು ಕಾಕು ಉಳಿಯಲಿಲ್ಲ. ಮುಂದಿನ ಚಳಿಗಾಲದಲ್ಲಿ ಎದೆನೋವು ಬಂದು ಹೋಗಿಬಿಟ್ಟಳು. ಆಕೆಯ ಮಗಳಿಗಾಗಿ ಅತ್ತಿದ್ದೆ, ಆ ಹುಡುಗನಿಗಾಗಿ ಮರುಗಿದ್ದೆ. ಆಕೆಗಾಗಿ ಏನು ಮಾಡಬೇಕೆಂದು ಮಾತ್ರ ಇಂದಿಗೂ ತಿಳಿಯದು.

“ತಗೋರಿ ಅಣ್ಣಾ,” ಎಂದು ಎದುರಿನ ಹೆಂಗಸು ನನ್ನ ಕೈಗೂ ಒಂದು ರೊಟ್ಟಿ ಚೂರು ಇಟ್ಟಳು. ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ, ಕಾದು ಬೇಸತ್ತ ಮುದುಕನೊಬ್ಬ ಹಿಂದಿನಿಂದ ಕೂಗಿದ:

“ಯಾರಪಾ ಇವತ್ತ ಹೊಡಿಯಾಂವ?”