ಖಾರ ತಾಗದ ಕೈ

ಮೆಣಸಿನಪುಡಿ ಗಿರಣಿಯಲ್ಲಿ ವರ್ಷಗಟ್ಟಲೆ ದುಡಿದ ಅವಳಿಗೆ ಬೀದಿಯವರೆಲ್ಲ ಖಾರದಮ್ಮ ಎಂದೇ ಹೆಸರಿಟ್ಟಿದ್ದರು. ಆಗಷ್ಟೇ ಬಿದ್ದ ಬಿಸಿ ಪುಡಿಯನ್ನು ಬರಿಗೈಯಲ್ಲಿ ಮೊಗೆದು ಜರಡಿಗೆ ಸುರಿಯುವಳು; ಕೈ ಚುರ್ ಎನ್ನುತ್ತಿರಲಿಲ್ಲ. ಆ ಕೈಗಳ ಮೇಲೆ ಅವಳಿಗೆ ತುಸು ಜಂಬವೇ ಇತ್ತು.

ಮನೆಯ ಮುಂಗೋಣೆಯಲ್ಲಿ ಅವಳ ಅಕ್ಕನ ಹೊಲಿಗೆ ಅಂಗಡಿ. ಮಂಡಿನೋವಿನಿಂದ ಅಕ್ಕ ಮಿಷಿನ್ ತುಳಿಯಲಾರದೆ ಕೂತಿದ್ದಳು. ಕಾಲು ನಿಂತರೆ ಅಂಗಡಿಯೂ ನಿಂತಂತೆ. ಕೊನೆಗೆ ಔಷಧಿ ಅಂಗಡಿಯಾಕೆ ಮೆಣಸಿನ ಸತ್ವದ ಮುಲಾಮು ಕೊಟ್ಟು, "ಕಾಳಷ್ಟೇ ಹಚ್ಚಿ" ಎಂದಳು.

ಖಾರದಮ್ಮ ಮೊದಲು ತನ್ನ ಅಂಗೈಗೆ ಸವರಿ ನೋಡಿದಳು. ಉರಿಯಲಿಲ್ಲ.

"ಬರೀ ಬೆಣ್ಣೆ ಕಣಕ್ಕಾ! ನಮಗೆ ಚೆನ್ನಾಗಿ ಟೋಪಿ ಹಾಕಿದಾಳೆ."

ಬೆರಳ ತುಂಬ ತೆಗೆದು ಎರಡೂ ಮಂಡಿಗೆ ಮೆತ್ತಿಬಿಟ್ಟಳು. ತುಸು ಹೊತ್ತಿಗೆ, ಗೋಡೆ ಹಿಡಿಯದೆ ಏಳಲಾರದ ಅಕ್ಕ ಚಂಗನೆ ಎದ್ದು ನಲ್ಲಿಯತ್ತ ಓಡಿದಳು.

"ನಿನ್ನ ಕೈಗೆ ಬೆಂಕಿ ಹಾಕ!"

"ಹಾಕಿದ್ರೂ ಗೊತ್ತಾಗಲ್ವಲ್ಲಕ್ಕಾ. ಆದ್ರೂ ನೋಡು, ನೀನು ಓಡಿದೆ!"

ನೀರಿಗೆ ಉರಿ ಜಗ್ಗಲಿಲ್ಲ. ಕರೆದಾಗ ಬಂದ ಔಷಧಿ ಅಂಗಡಿಯಾಕೆ ಎಣ್ಣೆಯಿಂದ ಒರೆಸಿ, ಸೋಪಿನಲ್ಲಿ ತೊಳೆಸಿದಳು. ನಗು ತಡೆಯುತ್ತಲೇ ಹೇಳಿದಳು: "ಬಿಸಿ ತಾಗಿದ್ರೆ ತೆರೆಯೋ ಬಾಗಿಲೊಂದು ನರದ ತುದೀಲಿದೆ. ಮೆಣಸೂ ಅದನ್ನೇ ತೆರೆಯುತ್ತೆ. ಬೆಂಕಿ ಇಲ್ದೆ ಇದ್ರೂ ನರ 'ಬೆಂಕಿ, ಬೆಂಕಿ' ಅಂತ ಕೂಗುತ್ತೆ. ದಿನಾ ಕೂಗಿಸಿದ್ರೆ ಸುಸ್ತಾಗಿ ಸುಮ್ಮನಾಗುತ್ತೆ. ನಿಮ್ಮ ಕೈ ಆಗ್ಲೇ ಸುಮ್ಮನಾಗಿದೆ. ಅಕ್ಕನ ಮಂಡೀನೂ ಹಾಗೇ ಸುಮ್ಮನಾಗ್ಲಿ ಅಂತ ಕೊಟ್ಟಿದ್ದು."

"ನನ್ನ ಮಂಡಿ ಮುಟ್ಟಿದ್ರೆ ನೋಡು!" ಎಂದು ತಂಗಿಯನ್ನು ಗದರಿ, ಅಂದಿನಿಂದ ಅಕ್ಕ ತಾನೇ ಕಾಳಷ್ಟು ಮುಲಾಮನ್ನು ಕಡ್ಡಿಯಲ್ಲಿ ತೆಗೆದು ಹಚ್ಚಿಕೊಳ್ಳತೊಡಗಿದಳು. ಉರಿ ದಿನದಿನಕ್ಕೆ ತಗ್ಗಿತು. ಅದರ ಹಿಂದೆಯೇ ನೋವೂ ತಗ್ಗಿತು.

ಒಂದು ಬೆಳಿಗ್ಗೆ ಮುಂಗೋಣೆಯಿಂದ ಮಿಷಿನ್ನಿನ ಸದ್ದು ಕೇಳಿತು. ಖಾರದಮ್ಮ ಓಡಿ ಬಂದು ನೋಡಿದರೆ, ಅಕ್ಕ ಉಳಿದ ಬಟ್ಟೆಯಲ್ಲಿ ದಪ್ಪ ಕೈಗವಸು ಹೊಲಿಯುತ್ತಿದ್ದಾಳೆ.

"ಯಾರ ಆರ್ಡರು?"

"ನಿನ್ನದೇ. ಕೈಗೆ ಬುದ್ಧಿ ಬರೋವರೆಗೂ ಇದನ್ನ ಹಾಕ್ಕೊಂಡೇ ಗಿರಣೀಲಿ ಕೆಲಸ ಮಾಡು."

ಗೊಣಗುತ್ತಲೇ ಹಾಕಿಕೊಂಡಳು. ಮಳೆಗಾಲ ಕಳೆಯುವ ಹೊತ್ತಿಗೆ, ಅಡುಗೆಮನೆಯಲ್ಲಿ ಹಸಿಮೆಣಸು ಹೆಚ್ಚುತ್ತಿದ್ದವಳು ಸ್ಸ್ ಎಂದು ಕೈ ಒದರಿದಳು. ಆಮೇಲೆ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಕ್ಕಾ, ಉರೀತಿದೆ ಕಣೇ!"

ಅಕ್ಕ ಎಣ್ಣೆ ಬಟ್ಟಲು ಹಿಡಿದು ಬಂದಳು, ಗೋಡೆ ಹಿಡಿಯದೆ.