ಚೈನಿಗೆ ಸುತ್ತಿಕೊಂಡ ಕೌದಿ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಮನೆ ಮಾತ್ರ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ನಿಟ್ಟುವಳ್ಳಿ ಆಗ ಇನ್ನೂ ಹಳ್ಳಿಯೇ. ನಮ್ಮ ಓಣಿ ಮುಗಿದಲ್ಲಿಂದ ಜೋಳದ ಹೊಲ. ದಿನಾ ಹೋಗಿ ಬರಲು ಅವರು ಒಂದು ಹಳೆಯ ಮೋಟಾರ್ ಸೈಕಲ್ ತಂದಿದ್ದರು. ಓಣಿಯವರೆಲ್ಲ ಅದನ್ನು ಫಟಫಟಿ ಎನ್ನುತ್ತಿದ್ದರು. ಅದರ ಸದ್ದು ಕೇಳಿದರೆ ಅತ್ತೆ ಮುಖ ಸಿಂಡರಿಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ಸದ್ದು ಇಷ್ಟ. ಸಂಜೆ ಓಣಿಯ ಆ ತುದಿಯಲ್ಲಿ ಅದು ಕೇಳಿದ ಕೂಡಲೇ ಚಹಾಕ್ಕೆ ನೀರಿಡುತ್ತಿದ್ದೆ.

ಅದರ ಚೈನು ಸವೆದು ಜೋತುಬಿದ್ದಿತ್ತು. ಒಂದು ದಿನ ಹರಿಹರದಿಂದ ಬರುವಾಗ ದಾರಿಯಲ್ಲೇ ಕಳಚಿಬಿದ್ದು, ಯಜಮಾನರು ಗಾಡಿಯನ್ನು ತಳ್ಳಿಕೊಂಡು ಮನೆ ಮುಟ್ಟಿದರು. ಬೆವರಿಗೆ ಅಂಗಿ ಮೈಗಂಟಿತ್ತು. ಹೊಸ ಚೈನು ತರಿಸುವ ಹೊಣೆಯನ್ನು ಕಾರ್ಖಾನೆಯ ಗೆಳೆಯರೊಬ್ಬರು ಹೊತ್ತುಕೊಂಡರು. ಹರಿಹರದವರು, ನಗುಮುಖದ ಮನುಷ್ಯ. ನನ್ನನ್ನು ‘ಅಕ್ಕಾರೆ’ ಎಂದೇ ಕರೆಯುತ್ತಿದ್ದರು. ಚೈನು ಸಿಕ್ಕ ಮೇಲೆ ಒಂದು ಭಾನುವಾರ ಬೆಳಿಗ್ಗೆ ರೈಲಿಗೆ ಬಂದಿಳಿದರು.

ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಇಬ್ಬರೂ ಸೇರಿ ಗಾಡಿಯನ್ನು ಪಡಸಾಲೆಗೆ ಹತ್ತಿಸಿದರು. ಅದರ ನೆಲ ಕಲ್ಲುಚಪ್ಪಡಿಯದು, ಓಡಾಡಿ ಓಡಾಡಿ ನುಣ್ಣಗಾಗಿತ್ತು. ಗಾಡಿಯನ್ನು ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿದಾಗ ಹಿಂದಿನ ಚಕ್ರ ನೆಲ ಬಿಟ್ಟು ಮೇಲೆ ನಿಂತಿತು. ಪಡಸಾಲೆಯ ಆ ತುದಿಯಲ್ಲಿ, ಗಾಳಿ ಬರುವ ಕಡೆ, ನನ್ನ ಮಗಳ ತೊಟ್ಟಿಲು ತೂಗುಹಾಕಿತ್ತು. ಆಗ ಅವಳಿಗೆ ಹಲ್ಲು ಬರುವ ಕಾಲ.

ಅವತ್ತು ಬೆಳಿಗ್ಗೆ ನನಗೂ ಅತ್ತೆಗೂ ಸ್ವಲ್ಪ ಮಾತಾಗಿತ್ತು. ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆ ತಿರುಗುವುದು ಅವರ ರೂಢಿ. ಮಗುವಿಗೆ ನೆಗಡಿಯಾಗಿತ್ತು.

“ಅತ್ತಿ, ಇವತ್ತು ನನ್ನ ಕೇಳ್ದೆ ಕೂಸಿನ್ನ ಎಲ್ಲೂ ಕರ್ಕೊಂಡು ಹೋಗ್ಬ್ಯಾಡ್ರಿ” ಎಂದೆ.

ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಮಗುವಿಗೆ ಹಾಲು ಕುಡಿಸಿ, ತೊಟ್ಟಿಲಲ್ಲಿ ಮಲಗಿಸಿ, ಹಳೆ ಬಟ್ಟೆಗಳ ತುಂಡು ಸೇರಿಸಿ ಹೊಲಿದ ತವರಿನ ಕೌದಿ ಹೊದಿಸಿದೆ. ನೊಣ ಕೂರದಿರಲೆಂದು ತೊಟ್ಟಿಲ ಮೇಲೆ ಹಳೆ ಸೀರೆ ಇಳಿಬಿಟ್ಟು ಅಡುಗೆಮನೆಗೆ ಹೋದೆ.

ಹೊರಗೆ ಕೆಲಸ ನಡೆದಿತ್ತು. ಚೈನನ್ನು ಗ್ರೀಸಿನಲ್ಲಿ ಅದ್ದಬೇಕೆಂದು ನನ್ನ ಒಲೆಯ ಮೇಲೆಯೇ ಡಬ್ಬಿಯಿಟ್ಟು ಕಾಯಿಸಿಕೊಂಡು ಹೋಗಿದ್ದರು. ಮನೆಯೆಲ್ಲ ಅದೇ ವಾಸನೆ. ಆಗಾಗ ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದೆ. ಕಳಚಿದ್ದ ಹಳೆ ಚೈನನ್ನು ಮತ್ತೆ ಕೂರಿಸಿ, ಕೊಂಡಿ ಬಿಚ್ಚಿ, ಅದರ ತುದಿಗೆ ಹೊಸ ಚೈನನ್ನು ಸಿಕ್ಕಿಸಿ ಮೆಲ್ಲಗೆ ಎಳೆದರು. ಹಳೆಯದು ಒಂದು ಕಡೆ ಹೊರಬಂದ ಹಾಗೆ ಹೊಸದು ಇನ್ನೊಂದು ಕಡೆಯಿಂದ ಒಳಗೆ ಹರಿದು, ಹಲ್ಲುಚಕ್ರದ ಮೇಲೆ ತಾನೇ ಹೋಗಿ ಕೂತಿತು. ಯಜಮಾನರು ತುದಿಗಳನ್ನು ಸೇರಿಸಿ ಕೊಂಡಿ ಹಾಕಿದರು, ಬೆರಳಿನಿಂದ ಚೈನನ್ನು ಎತ್ತಿ ಬಿಗಿ ನೋಡಿದರು. ಮುಖದಲ್ಲಿ ಸಮಾಧಾನವಿತ್ತು. ಇಬ್ಬರೂ ಹಿತ್ತಲಿಗೆ ಬಂದು ಕೈ ತೊಳೆದುಕೊಂಡರು.

“ಮುಗೀತೇನ್ರಿ?” ಎಂದೆ.

“ಆತು. ಒಂದ್ಸಲ ಓಡಿಸಿ ನೋಡೋದು ಐತೆ, ಅಷ್ಟೆ” ಎಂದರು.

ಎಂಜಿನ್ ಸದ್ದು ಕೇಳಿತು. ಇನ್ನು ತಿನ್ನಲು ಕೊಡೋಣವೆಂದು ಮಂಡಕ್ಕಿ ಕಲಸಿ, ತಟ್ಟೆ ಹಿಡಿದು ಪಡಸಾಲೆಯ ಬಾಗಿಲಿಗೆ ಬಂದೆ. ಗೆಳೆಯರು ಪಕ್ಕದಲ್ಲಿ ನಿಂತು ಹ್ಯಾಂಡಲ್ ಹಿಡಿದಿದ್ದರು. ಗೇರಿಗೆ ಹಾಕಿದ್ದರಿಂದ ಹಿಂದಿನ ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗುತ್ತಿತ್ತು. ಯಜಮಾನರು ಕುಕ್ಕರಗಾಲಲ್ಲಿ ಕೂತು ಚೈನು ಓಡುವುದನ್ನೇ ನೋಡುತ್ತಿದ್ದರು. ನೆಲದಲ್ಲಿ ಗ್ರೀಸು, ಸೀಮೆಎಣ್ಣೆ ಚೆಲ್ಲಿದ್ದವು.

ಸ್ಟ್ಯಾಂಡು ಜಾರಿತು.

ಚಕ್ರ ನೆಲಕ್ಕೆ ತಾಗಿದ್ದೇ ತಡ, ಗಾಡಿ ಏಟು ತಿಂದ ಎತ್ತಿನಂತೆ ಮುಂದಕ್ಕೆ ನುಗ್ಗಿತು. ಗೆಳೆಯರು ಕೈ ಬಿಡಲಿಲ್ಲ. ಅದು ಎಳೆದ ಹಾಗೆಲ್ಲ ಅವರ ಕೈಯಲ್ಲಿ ಆಕ್ಸಿಲರೇಟರ್ ಇನ್ನೂ ತಿರುಗಿತು. ನನ್ನ ಕಣ್ಣ ಮುಂದೆಯೇ ಗಾಡಿ ಪಡಸಾಲೆಯ ಉದ್ದಕ್ಕೂ ಓಡಿತು, ಅವರನ್ನು ಕಂಬಕ್ಕೆ ಅಪ್ಪಳಿಸಿ ಬಿಟ್ಟು, ನೇರವಾಗಿ ಹೋಗಿ ತೊಟ್ಟಿಲಿಗೆ ಹೊಡೆಯಿತು. ಹಗ್ಗ ಹರಿಯಿತು. ತೊಟ್ಟಿಲು ಬಿತ್ತು. ಅದರ ಮೇಲೆ ಗಾಡಿ ಮಗ್ಗುಲಾಗಿ ಬಿತ್ತು. ಎಂಜಿನ್ ಇನ್ನೂ ಅರಚುತ್ತಿತ್ತು. ಚಕ್ರ ತಿರುಗುತ್ತ ತಿರುಗುತ್ತ ಸೀರೆಯನ್ನೂ ಕೌದಿಯನ್ನೂ ಒಳಗೆ ಎಳೆದುಕೊಂಡಿತು. ಬಟ್ಟೆ ಸುತ್ತಿ ಸುತ್ತಿ ಬಿಗಿಯಾಗಿ ಎಂಜಿನ್ ತಾನಾಗಿಯೇ ನಿಂತಿತು.

ನಾನು ಕಿರುಚಲಿಲ್ಲ. ಕಿರುಚಿದೆ ಎಂದು ಆಮೇಲೆ ಓಣಿಯವರು ಹೇಳಿಕೊಂಡರು, ಅದು ಸುಳ್ಳು. ತಟ್ಟೆ ಕೈಯಲ್ಲೇ ಇತ್ತು. ಒಂದು ಮಂಡಕ್ಕಿ ಕಾಳೂ ಚೆಲ್ಲಿರಲಿಲ್ಲ. ಅದನ್ನು ಹುಷಾರಾಗಿ ಹೊಸ್ತಿಲ ಪಕ್ಕ ಕೆಳಗಿಟ್ಟೆ. ಯಾಕೆ ಹಾಗೆ ಮಾಡಿದೆನೋ ನನಗಿನ್ನೂ ತಿಳಿದಿಲ್ಲ.

ಯಜಮಾನರು ಓಡಿಹೋಗಿ ಗಾಡಿಯನ್ನು ಎತ್ತಿ ಗೋಡೆಗೆ ಒರಗಿಸಿದರು. ಅಡಿಯಲ್ಲಿ ತೊಟ್ಟಿಲು ಚೂರಾಗಿತ್ತು. ಮಗು ಅದರಲ್ಲಿರಲಿಲ್ಲ. ಚಕ್ರಕ್ಕೂ ಚೈನಿಗೂ ನಡುವೆ ಕೌದಿ ಉಂಡೆಯಾಗಿ, ದಪ್ಪಗೆ, ಉಬ್ಬಿಕೊಂಡು ಸಿಕ್ಕಿಬಿದ್ದಿತ್ತು. ಎಳೆಗೂಸನ್ನು ಸುತ್ತಿಟ್ಟರೆ ಎಷ್ಟು ದಪ್ಪವಿರುತ್ತದೋ ಅಷ್ಟೇ ದಪ್ಪ. ಗ್ರೀಸು ಹತ್ತಿ ಕಪ್ಪಗಾಗಿತ್ತು. ಯಜಮಾನರು ಅದರ ಮೇಲೆ ಕೈಯಿಟ್ಟರು, ತೆಗೆದರು. ಮತ್ತೆ ಇಟ್ಟರು.

“ನನ್ನ ಕೈಲಿ ಆಗಲ್ಲ” ಎಂದರು. ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಗೆಳೆಯರು ಕಂಬದ ಬುಡದಲ್ಲಿ ಕೂತಿದ್ದರು. ಹಣೆಯಿಂದ ರಕ್ತ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ನಾನೇ ಬಿಚ್ಚಿದೆ. ಚೈನಿನ ನಡುವೆ ಬೆರಳು ತೂರಿಸಿ, ಒಂದೊಂದೇ ಪದರ ಎಳೆದೆ. ಗಟ್ಟಿಯಾಗಿ ಎಳೆಯಲು ಭಯ. ಪ್ರತಿ ಪದರಕ್ಕೂ ಇದರ ಕೆಳಗೆ ಏನಿದೆಯೋ ಎಂದು ಉಸಿರು ಹಿಡಿದೆ. ಕೊನೆಗೆ ಕಬ್ಬಿಣ ಕೈಗೆ ತಾಗಿತು. ಏನೂ ಇರಲಿಲ್ಲ. ಅದನ್ನು ನಂಬದೆ, ಬಿಚ್ಚಿದ್ದನ್ನೆಲ್ಲ ಕೊಡವಿ ಮತ್ತೆ ನೋಡಿದೆ. ಚೂರಾದ ತೊಟ್ಟಿಲ ಹಲಗೆಗಳನ್ನು ಒಂದೊಂದಾಗಿ ಎತ್ತಿ ನೋಡಿದೆ.

“ಕೂಸು ಎಲ್ಲೈತೆ?” ಎಂದೆ. ನನ್ನ ದನಿ ಯಾರದೋ ಬೇರೆಯವರದು ಅನ್ನಿಸಿತು.

ಅಷ್ಟರಲ್ಲಿ ಅಂಗಳದಿಂದ ಅತ್ತೆಯ ದನಿ ಕೇಳಿತು. “ಏನದು ಅಷ್ಟ್ ಸಪ್ಪಳ? ಮನಿ ಕೆಡವಕ್ ಹತ್ತೀರೇನು?”

ಅವರ ಕಂಕುಳಲ್ಲಿ ನನ್ನ ಮಗಳು ಕೂತಿದ್ದಳು. ಬಾಯಲ್ಲಿ ಬೆಲ್ಲದ ಚೂರು. ಗಲ್ಲದ ಮೇಲೆಲ್ಲ ಜೊಲ್ಲು.

ಅತ್ತೆ ಪಡಸಾಲೆಯನ್ನು ನೋಡಿದರು, ತೊಟ್ಟಿಲನ್ನು ನೋಡಿದರು, ನನ್ನ ಕೈಯಲ್ಲಿದ್ದ ಕೌದಿಯನ್ನು ನೋಡಿದರು. ನಿಂತಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ಮಗುವನ್ನು ಕಸಿದುಕೊಂಡೆ. ನನ್ನ ಕೈಯ ಗ್ರೀಸು ಅವಳ ಮುಖಕ್ಕೆಲ್ಲ ಹತ್ತಿತು. ಆ ವಾಸನೆಗೋ ನನ್ನ ಹಿಡಿತಕ್ಕೋ ಅವಳು ಚೀರಿ ಅಳತೊಡಗಿದಳು. ಆ ಅಳು ಕೇಳಿದ ಮೇಲೆಯೇ ಯಜಮಾನರು ಗೋಡೆಯಿಂದ ಮುಖ ತಿರುಗಿಸಿದ್ದು.

“ಯಾವಾಗ ಕರ್ಕೊಂಡು ಹೋದ್ರಿ? ಯಾಕ ಹೇಳ್ಲಿಲ್ಲ?” ಎಂದು ಕೇಳಿದೆ. ಬೈಯುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ.

“ಇವರು ಕೈ ತೊಳಿಯಕ್ ಹಿತ್ಲಿಗೆ ಹೋಗಿದ್ರಲ್ಲ, ಆಗ. ಎದ್ದು ಕಣ್ ಬಿಟ್ಕೊಂಡು ಮಲಗಿತ್ತು. ಎತ್ಕೊಂಡು, ಸೀರಿ ಮತ್ತ ಇಳಿಬಿಟ್ಟು, ಪಕ್ಕದ ಮನಿಗೆ ಹೋದೆ” ಎಂದರು ಅತ್ತೆ. ತಲೆ ತಗ್ಗಿಸಿ, “ನಿನ್ನ ಕೇಳಿದ್ರ ಬ್ಯಾಡ ಅಂತಿದ್ದೆ ಕಣವ್ವ. ಅದಕ್ಕೇ ಕೇಳ್ಲಿಲ್ಲ” ಎಂದರು.

ಗಾಡಿಯನ್ನು ಕಂಡಾಗ ಬಾರದ ನಡುಕ ಆ ಮಾತಿಗೆ ಬಂತು. ಹಲ್ಲು ಕಟಕಟ ಹೊಡೆದುಕೊಂಡವು. ಹೌದು, ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅವರು ಮಗುವನ್ನು ಮತ್ತೆ ಮಲಗಿಸಿ, ಕೌದಿ ಹೊದಿಸುತ್ತಿದ್ದರು. ಅಂಥ ಬಿಸಿಲಿನಲ್ಲಿ ನಾನು ಚಳಿ ಹಿಡಿದವಳಂತೆ ನಡುಗುತ್ತ ಕೂತಿದ್ದೆ. ಅತ್ತೆ ಎದ್ದು ಬಂದು, ನನ್ನ ಬೆನ್ನಿಗೆ ತಮ್ಮ ಸೆರಗು ಹೊದಿಸಿ ಪಕ್ಕದಲ್ಲಿ ಕೂತರು. ಅದಕ್ಕೆ ಮುಂಚೆ ಅವರು ನನ್ನನ್ನು ಹಾಗೆ ಮುಟ್ಟಿದ ನೆನಪಿಲ್ಲ.

ಚೈನಿಗೆ ಏನೂ ಆಗಿರಲಿಲ್ಲ. ಹಲ್ಲುಚಕ್ರದಲ್ಲಿ ಸಿಕ್ಕಿ ಉಳಿದ ಚಿಂದಿಯನ್ನು ಯಜಮಾನರು ಕತ್ತರಿಯಿಂದ ಕತ್ತರಿಸಿ ತೆಗೆದರು. ಗಾಡಿಯನ್ನು ಹಿತ್ತಲಿನ ಮೂಲೆಗೆ ಸೇರಿಸಿ, ರೈಲಿಗೆ ಓಡಾಡತೊಡಗಿದರು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ನಾನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ರೊಟ್ಟಿ ಬಡಿಯುತ್ತಿದ್ದೆ. ತೊಟ್ಟಿಲು ಮತ್ತೆ ಮಾಡಿಸಲಿಲ್ಲ. ರೈಲು ತಡವಾಗಿ ಯಜಮಾನರು ಹೊತ್ತು ಮೀರಿ ಬರುವುದು ಹೆಚ್ಚಾದಾಗ, ಒಂದು ದಿನ ಅತ್ತೆಯೇ ಮಗನಿಗೆ ಹೇಳಿದರು: “ಎಷ್ಟು ದಿನ ಆ ಗಾಡಿ ಮೇಲೆ ಸಿಟ್ಟು ಮಾಡ್ತೀಯಪ್ಪ? ತಗೊಂಡು ಹೋಗು. ಓಣಿಗೆ ತಳ್ಕೊಂಡು ಹೋಗಿ ಚಾಲೂ ಮಾಡು, ಮನಿಯಾಗ ಮಾತ್ರ ಬ್ಯಾಡ.” ಅಂದಿನಿಂದ ಕೊನೆಯವರೆಗೂ ಯಜಮಾನರು ಹಾಗೆಯೇ ಮಾಡಿದರು.

ಗೆಳೆಯರು ಮಾತ್ರ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದರು. ಕಾರ್ಖಾನೆಯಲ್ಲಿಯೂ ಯಜಮಾನರ ಕಣ್ಣು ತಪ್ಪಿಸುತ್ತಿದ್ದರಂತೆ. ಕೊನೆಗೆ ನಾನೇ ಹಟ ಹಿಡಿದು, ಮಗುವನ್ನೆತ್ತಿಕೊಂಡು, ಅದೇ ಗಾಡಿಯ ಹಿಂದೆ ಕೂತು ಹರಿಹರಕ್ಕೆ ಹೋದೆ. ದಾರಿಯುದ್ದಕ್ಕೂ ಸೆರಗನ್ನು ಸೊಂಟಕ್ಕೆ ಬಿಗಿದು, ಮಗುವನ್ನು ಎದೆಗೊತ್ತಿ, ಕಣ್ಣು ಮುಚ್ಚಿಕೊಂಡಿದ್ದೆ.

ಅವರ ಹೆಂಡತಿ ಬಾಗಿಲು ತೆಗೆದು, “ಬರ್ರಿ, ಕೂಡ್ರಿ” ಎಂದರು. ಗೆಳೆಯರು ಒಳಕೋಣೆಯಿಂದ ಹೊರಬರಲಿಲ್ಲ.

“ಅಣ್ಣಾರೆ, ಹೊರಗ ಬರ್ರಿ. ನಿಮ್ಮನ್ನ ನೋಡಕ್ಕೇ ಬಂದೀನಿ” ಎಂದು ಕೂಗಿದೆ.

ಬಂದರು. ಬಹಳ ಇಳಿದುಹೋಗಿದ್ದರು. ಹಣೆಯ ಮೇಲೆ ಗಾಯದ ಗುರುತು. ಮಗುವಿನ ಕಡೆ ನೋಡದೆ ಗೋಡೆ ನೋಡುತ್ತ, “ಅಕ್ಕಾರೆ, ಕಣ್ ಮುಚ್ಚಿದ್ರೆ ಆ ಕೌದಿ ಕಾಣ್ತೈತೆ. ಎಷ್ಟು ಬಿಚ್ಚಿದ್ರೂ ಮುಗಿಯಾದೇ ಇಲ್ಲ” ಎಂದರು.

“ನಂಗೂ ಹಂಗೇ ಆಗ್ತೈತೆ” ಎಂದೆ.

ಅವರು ಅತ್ತರು. ಅವರ ಹೆಂಡತಿ ಕೊಟ್ಟ ಚಹಾ ಎಲ್ಲರೂ ಕುಡಿದೆವು. ಹೊರಡುವಾಗ ಮಗುವನ್ನು ಅವರ ಕಡೆ ಚಾಚಿದೆ. ಕೈ ಮುಂದೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಆವತ್ತು ಎತ್ತಿಕೊಳ್ಳಲಿಲ್ಲ. ದೀಪಾವಳಿಗೆ ಅವರಾಗಿಯೇ ನಮ್ಮ ಮನೆಗೆ ಬಂದರು. ಆಗ ನಡೆಯಲು ಕಲಿತಿದ್ದ ಮಗಳು ತಾನಾಗಿಯೇ ಹೋಗಿ ಅವರ ಪಂಚೆ ಹಿಡಿದಳು. ಆಗ ಎತ್ತಿಕೊಂಡರು.