ಅಕ್ಕಿ ಚೀಲದ ಕೆಳಗಿನ ಹಾಡು

‘ನೆಟ್ಟಿನಾಗ ಇಲ್ಲ ಅಂದ್ರ ಅಂಥ ಹಾಡೇ ಇಲ್ಲ, ಬಿಡು’ ಎಂದು ಅಣ್ಣ ಮೊಬೈಲನ್ನು ಮಂಚದ ಮೇಲೆ ಒಗೆದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಕಂಪ್ಲಿಯ ತವರುಮನೆಯಲ್ಲಿ ಅವನ ಮಗನ ಮದುವೆ ಹತ್ತಿರ ಬಂದಿತ್ತು. ಹೊಸ ಸೊಸೆ ಹೊಸಿಲು ದಾಟುವಾಗ ನಮ್ಮ ಅವ್ವ ಹಾಡುವ ಹಾಡೊಂದಿದೆ. ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಓಣಿಗೆ ಬಂದ ಸೊಸೆಯರನ್ನೆಲ್ಲ ಆ ಹಾಡೇ ಒಳಗೆ ಕರೆದಿದೆ. ಆ ದಿನ ಅವ್ವ ಒಮ್ಮೆ ಹಾಡಿ ನೋಡೋಣ ಎಂದು ಶುರುಮಾಡಿದಳು. ‘ಕಾಲುವಿ ನೀರು ಬಂದೈತಿ ತಂಗಿ, ಕಾಲ ತೊಳಕೊಂಡು ಒಳಗ ಬಾ.’ ಅಷ್ಟಕ್ಕೇ ನಿಂತಳು. ಮುಂದಿನದು ಬಾಯಿಗೆ ಬರಲಿಲ್ಲ. ಈಚೆಗೆ ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆಯುತ್ತಿದ್ದಳು, ಬೀಗದ ಕೈ ಮರೆಯುತ್ತಿದ್ದಳು. ಹಾಡು ಮರೆತದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು.

ಅಣ್ಣ ಆ ಸಾಲನ್ನು ಮೊಬೈಲಿಗೆ ಹೇಳಿ ಹುಡುಕಿದ. ಕಾಲುವೆ ದುರಸ್ತಿಯ ಸುದ್ದಿ ಬಂತು, ಟಿ.ಬಿ. ಡ್ಯಾಮಿನ ವಿಡಿಯೊ ಬಂತು, ಕಾಲುನೋವಿನ ಎಣ್ಣೆಯ ಜಾಹೀರಾತೂ ಬಂತು. ಹೆಂಗೂ ಡೀಜೆಗೆ ಹೇಳಿದ್ದೇನಲ್ಲ ಎಂದು ಅವನು ಎದ್ದುಹೋದ.

ಅವ್ವ ನನ್ನ ಮುಖ ನೋಡಿದಳು. ‘ನೀ ಕಂಪ್ಯೂಟರಿನಾಗ ಇಟ್ಟಿದ್ದಿಯಲ್ಲ? ನೀ ಇಟ್ಟಿ ಅಂತ ನಾ ನೆಪ್ಪು ಇಟಗೊಳ್ಳೋದು ಬಿಟ್ಟೆ. ತಗದು ಕೊಡು.’

ಇಟ್ಟದ್ದು ನಿಜ. ಮದುವೆಗೆ ಮುಂಚೆ ನಾನು ಹೊಸಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಅವ್ವ ಬುತ್ತಿ ತಂದವಳು ಪಕ್ಕದ ಸ್ಟೂಲಿನ ಮೇಲೆ ಕೂತು ಹಾಡು ಹೇಳಿದಳು, ನಾನು ಟೈಪ್ ಮಾಡಿದೆ. ಸ್ವಂತ ಕೆಲಸ ಕಂಡರೆ ಮಾಲೀಕರು ಗರಂ ಆಗುತ್ತಿದ್ದರು. ಹಾಗಾಗಿ ಗಿರಾಕಿಯದೊಂದು ಫೈಲು ತೆರೆದಿತ್ತಲ್ಲ, ಅದರಲ್ಲೇ ಕೆಳಗೆ ಜಾಗ ಬಿಟ್ಟು ಹಾಡನ್ನು ಸೇರಿಸಿದೆ. ಯಾವ ಗಿರಾಕಿ? ಅದೊಂದು ನೆನಪಿಲ್ಲ. ನಮ್ಮಲ್ಲಿ ಫೈಲಿಗೆ ಹೆಸರಿಡುವ ರೀತಿಯೇ ಬೇರೆ. ಗಿರಾಕಿ ಕಣ್ಣಿಗೆ ಹೇಗೆ ಕಂಡರೋ ಅದೇ ಹೆಸರು: ಸಂಡೂರು ಮೀಸೆ, ಕೆಂಪು ಚೀಲ, ಹಂಪಿ ಬಜಾರ್ ಇಡ್ಲಿ, ಜಲ್ದಿ ಜಲ್ದಿ ಅಣ್ಣ. ಪ್ರೂಫ್ ತಿದ್ದಿಸಿ ತಿದ್ದಿಸಿ ಜೀವ ತಿಂದವರಿಗೆ ಹಿಂದೆ ‘ಫೈನಲ್ ಫೈನಲ್’ ಎಂದು ಸೇರುತ್ತಿತ್ತು.

ಮರುದಿನವೇ ಬಸ್ಸು ಹತ್ತಿ ಹೊಸಪೇಟೆಗೆ ಹೋದೆ. ಪ್ರೆಸ್ಸನ್ನು ಈಗ ಹಳೆಯ ಮಾಲೀಕರ ಮಗ ನಡೆಸುತ್ತಾರೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. ಹಳೆಯ ಫೈಲುಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ಹಾಕಿಕೊಂಡಿದ್ದರು, ಈಗ ಜಾಗ ಸಾಲದೆಂದು ಅಂದೇ ಅಳಿಸುವವರಿದ್ದರು. ನನ್ನ ಕಣ್ಣೆದುರೇ ಹಾಡಿನ ಮೊದಲ ಸಾಲು ಹಾಕಿ ಹುಡುಕಿದರು.

‘ಇಲ್ರಿ ಅಕ್ಕ, ಖಾಲಿ ತೋರಸ್ತೈತಿ.’

‘ಐತ್ರಿ.’

‘ಇದ್ದಿದ್ರ ಬರ್ತಿತ್ತಲ್ರಿ. ಕಂಪ್ಯೂಟರ್ ಸುಳ್ಳು ಹೇಳ್ತೈತೇನು?’

‘ಮತ್ತ ನಮ್ಮವ್ವ ಹೇಳ್ತಾಳೇನ್ರಿ? ಏಳ್ರಿ ಸ್ವಲ್ಪ, ಕುರ್ಚಿ ಬಿಡ್ರಿ.’

ಎದ್ದರು, ಪಾಪ. ‘ಹಾಡು’ ಎಂದು ಹಾಕಿದೆ, ‘ತಂಗಿ’ ಎಂದು ಹಾಕಿದೆ. ಏನೂ ಇಲ್ಲವಂತೆ. ಇಷ್ಟು ಮದುವೆ ಕಾರ್ಡು ಹೊಡೆದ ಪ್ರೆಸ್ಸಿನಲ್ಲಿ ಒಬ್ಬ ತಂಗಿಯೂ ಇಲ್ಲವೆಂದರೆ ಯಾರು ನಂಬುತ್ತಾರೆ? ಒಂದೊಂದೇ ಫೈಲು ತೆರೆಯತೊಡಗಿದೆ. ಸಾವಿರಾರು ಇದ್ದವು. ಒಂದು ಹಳೆಯ ಕಾರ್ಡಿನಲ್ಲಿ, ಬೆರಳಿಗೆ ಇನ್ನೂ ಅಭ್ಯಾಸವಿದೆಯೇ ನೋಡೋಣವೆಂದು, ನಾವು ಆಗ ಬಳಸುತ್ತಿದ್ದ ಕನ್ನಡ ತಂತ್ರಾಂಶ ಹಚ್ಚಿ ಎರಡು ಪದ ಹೊಡೆದೆ. ಅದನ್ನು ಬಂದ್ ಮಾಡುವುದನ್ನು ಮರೆತು, ಮತ್ತೆ ಹುಡುಕುವ ಪೆಟ್ಟಿಗೆಗೆ ಬಂದು ‘ಕಾಲುವಿ’ ಎಂದು ಹೊಡೆದೆ. ಅಲ್ಲಿ ಮೂಡಿದ್ದು ಕನ್ನಡವಲ್ಲ. ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ವೃತ್ತದೊಳಗೆ ಸಿಕ್ಕಿಬಿದ್ದ ಆರ್, ಮತ್ತೇನೇನೋ ಕಸ.

‘ಕೀಬೋರ್ಡ್ ಕೆಟ್ಟಿತೇನ್ರಿ ಅಕ್ಕ?’

ಎಲ್ಲರೂ ಸೇರಿ ಇಲ್ಲ ಇಲ್ಲ ಎನ್ನುವುದು ಕೇಳಿ ಕೇಳಿ ತಲೆ ಕೆಟ್ಟಿತ್ತು. ಅಳಿಸಿ ಮತ್ತೆ ಹೊಡೆಯುವ ತಾಳ್ಮೆ ಉಳಿದಿರಲಿಲ್ಲ. ಸಿಟ್ಟಿನಿಂದ ಆ ಕಸದ ಮೇಲೆಯೇ ಎಂಟರ್ ಕುಟ್ಟಿದೆ. ಹಸಿರು ಗೆರೆಯೊಂದು ತೆವಳಿ ತೆವಳಿ ಮುಂದೆ ಹೋಯಿತು. ಒಂದು ಫೈಲು ಬಂತು: ಕಂಪ್ಲಿ ಗಿರಣಿ ಫೈನಲ್ ಫೈನಲ್.

ಆಗ ನನಗೆ ಹೊಳೆಯಿತು. ನಮ್ಮ ಕಾಲದ ಅಕ್ಷರಗಳು ಪರದೆಯ ಮೇಲೆ ಮಾತ್ರ ಕನ್ನಡ, ಕಂಪ್ಯೂಟರಿನ ಹೊಟ್ಟೆಯೊಳಗೆಲ್ಲ ಈ ಕಸವೇ. ನಾವು ಈಗಿನ ಕನ್ನಡದಲ್ಲಿ ಎಷ್ಟು ಕೂಗಿದರೂ ಅದಕ್ಕೆ ಕೇಳುವುದಾದರೂ ಹೇಗೆ? ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನಬೇಕಪ್ಪ. ಇಲ್ಲ ಎನ್ನುವ ಅಧಿಕಾರ ಯಾರು ಕೊಟ್ಟರು?

ಫೈಲು ತೆರೆದೆ. ಅಕ್ಕಿ ಚೀಲದ ಮೇಲಿನ ಬರಹ, ಗಿರಣಿಯ ವಿಳಾಸ. ಕೆಳಗೆ ಖಾಲಿ, ಇನ್ನೂ ಕೆಳಗೆ ಖಾಲಿ. ಆಮೇಲೆ ಕಾಲುವೆಯ ನೀರು ಬಂತು. ಮಾಲೀಕರ ಮಗ ಕನ್ನಡಕ ತೆಗೆದು ಒರೆಸಿಕೊಂಡು ಪರದೆಗೆ ಬಗ್ಗಿದರು. ನಾನು ಅವ್ವನಿಗೆ ಫೋನು ಹಚ್ಚಿದೆ.

ಎರಡನೇ ಸಾಲನ್ನು ನಾನು ಅರ್ಧ ಓದುವಷ್ಟರಲ್ಲಿ ಅವ್ವ ಮೂರನೆಯದಕ್ಕೆ ಹೋಗಿದ್ದಳು. ಅವಳು ಹಾಡುತ್ತಲೇ ಹೋದಳು, ನಾನು ಪರದೆಯ ಮೇಲೆ ಬೆರಳಿಟ್ಟು ಜೊತೆಗೆ ಹೋದೆ. ಪರದೆಯ ಮೇಲಿನದು ಮುಗಿಯಿತು. ಅವ್ವನದು ಮುಗಿಯಲಿಲ್ಲ. ಅತ್ತೆಯ ಕೈಯಿಂದ ಸೊಸೆ ನೀರಿನ ಚೆಂಬು ಇಸಿದುಕೊಳ್ಳುವ ನುಡಿಯೊಂದು ಬಂತು. ಅದನ್ನು ನಾನು ಎಂದೂ ಕೇಳಿರಲಿಲ್ಲ.

‘ಅವ್ವ, ನಿಂದ್ರು. ಇದು ಇದರಾಗ ಇಲ್ಲ.’

‘ಇಲ್ಲ ಅನ್ನಾಕ ಅದ್ಯಾರು?’ ಎಂದು ಅವ್ವ ಆ ಕಡೆಯಿಂದ ರೇಗಿದಳು. ‘ನಾ ಇನ್ನಾ ಅದೀನಿ. ಬರಕೋ.’

ಬರೆದುಕೊಂಡೆ.